ಒಂದು ಮಿಲಿಮೀಟರಿನ ಗುರುತು

ನಮ್ಮೂರು ಇಟ್ಟಂಗಿಹಾಳದಿಂದ ಅರಬ್ಬಿ ಸಮುದ್ರ ನೇರ ಗೆರೆ ಎಳೆದರೂ ಸುಮಾರು 250 ಕಿಲೋಮೀಟರ್ ದೂರ. ಇಲ್ಲಿನ ಎರೆಮಣ್ಣಿನ ಬುಡದ ಕರಿಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾ. ಅದು ಆರಿದ ಮೇಲಿನ ಕಾಲಘಟ್ಟದಲ್ಲೇ ಅಕ್ರೊಪೊರಾ ಎಂಬ ಕವಲು ಹವಳದ ಅತಿ ಹಳೆಯ ಪಳೆಯುಳಿಕೆಗಳು ಸಿಗತೊಡಗುತ್ತವೆ. ನಾವು ಬಾವಿ ತೋಡುವಾಗ ಒಡೆಯುವ ಕಲ್ಲು ಅವಕ್ಕಿಂತ ಹಿರಿಯದು!

ಕಡವೆ ಕೊಂಬಿನಂತೆ ಕವಲೊಡೆಯುವ ಈ ಹವಳವನ್ನು ಕಟ್ಟುವ ಜೀವಿ ಸಾಸಿವೆ ಕಾಳಿನಷ್ಟು: ಒಂದೆರಡು ಮಿಲಿಮೀಟರ್. ಅದರ ಮೈಯೊಳಗೆ ಪಾಚಿ ವಾಸ. ಹವಳದ ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದ ಆಸುಪಾಸು ಪಾಚಿಕೋಶಗಳು. ಅಂಗೈಯಗಲದ ತುಂಡಿನಲ್ಲಿ ಹತ್ತು ಕೋಟಿ ಆಯಿತು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನ 6 ಕೋಟಿ 11 ಲಕ್ಷ. ಬಿಸಿಲುಂಡ ಪಾಚಿ ಕೊಡುವ ಆಹಾರದ ಬಲದಿಂದಲೇ ಕೆಲವು ಕವಲುಗಳು ವರ್ಷಕ್ಕೆ 10 ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುತ್ತವೆ. ಗುಂಡುಬಂಡೆಯಂಥ ಪೊರೈಟಿಸ್ ಹವಳಕ್ಕೆ ಒಂದು ಸೆಂಟಿಮೀಟರ್ ಏರಲು ಹೆಚ್ಚುಕಡಿಮೆ ವರ್ಷ ಬೇಕು.

ಅಕ್ರೊಪೊರಾಗಳಲ್ಲಿ ಯಾವುದು ಯಾವ ಪ್ರಭೇದ ಎಂದು ಹೇಳುವುದು ಮಾತ್ರ ಬಲು ಕಷ್ಟ. ಬಣ್ಣ ನಂಬುವಂತಿಲ್ಲ, ಆಕಾರವನ್ನೂ ನಂಬುವಂತಿಲ್ಲ. ಅಲೆಯ ಹೊಡೆತಕ್ಕೆ ಗಿಡ್ಡಗೆ ದಪ್ಪಗಾಗುವ ಪ್ರಭೇದವೇ ಶಾಂತ ನೀರಿನಲ್ಲಿ ನೀಳವಾಗಿ ಚಾಚುತ್ತದೆ. ತಜ್ಞರು ನೋಡುವುದು ಕವಲಿನ ತುದಿಯಲ್ಲಿ ಜೀವಿ ಕೂರುವ ಒಂದೇ ಒಂದು ಗೂಡನ್ನು, ಆಮೇಲೆ ಸುತ್ತಲಿನ ಗೂಡುಗಳನ್ನು: ಕೊಳವೆಯಂತಿವೆಯೇ, ಮೂಗಿನಂತೆ ಬಾಗಿವೆಯೇ, ತುಟಿ ಒಂದೇ ಕಡೆ ಚಾಚಿದೆಯೇ? ಇದಕ್ಕೆ ತೀರ ಹತ್ತಿರದಿಂದ ನೋಡಬೇಕು. ಆಸ್ಟ್ರೇಲಿಯಾದ ಕಾರ್ಡೆನ್ ವಾಲೆಸ್ ಹೀಗೆ ಜಗತ್ತಿನ ಅಕ್ರೊಪೊರಾಗಳನ್ನೆಲ್ಲ ಜಾಲಾಡಿ, ಮುನ್ನೂರಕ್ಕೂ ಮಿಕ್ಕ ಹೆಸರುಗಳನ್ನು 1999ರಲ್ಲಿ 110ರ ಆಸುಪಾಸಿಗೆ ಇಳಿಸಿದರು. ಅಂಥ ಮಹಾಶ್ರಮಕ್ಕೂ ಈಗ ಡಿಎನ್‌ಎ ತಿದ್ದುಪಡಿ ತರುತ್ತಿದೆ. 2,300 ಕಿಲೋಮೀಟರ್ ಉದ್ದದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ದಶಕಗಳ ಕಾಲ ಅಕ್ರೊಪೊರಾ ಟೆನ್ಯುಯಿಸ್ ಎಂದು ಕರೆಸಿಕೊಂಡದ್ದು ಅಕ್ರೊಪೊರಾ ಕೆಂಟಿ ಎಂದು 2023ರಲ್ಲಿ ಪ್ರಕಟವಾಯಿತು. ಬಿಸಿನೀರಿಗೆ ಯಾವುದು ಸಾಯುತ್ತದೆ, ಯಾವುದು ತಾಳುತ್ತದೆ ಎಂಬ ಲೆಕ್ಕವೆಲ್ಲ ಹೆಸರಿನ ಮೇಲೆ ನಿಂತಿರುವಾಗ ಇದು ಸಣ್ಣ ತಿದ್ದುಪಡಿಯಲ್ಲ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆಯ ನೇತ್ರಾಣಿಯಲ್ಲಿ ನಮ್ಮದೇ ಹವಳಗಳಿವೆ. ಡೈವಿಂಗ್‌ಗೆ ಹೋದವರು ಯಾವ ಹವಳ ಕಂಡರೂ ಮೊದಲು ಇಡೀ ರೂಪದ ಫೋಟೊ ತೆಗೆಯಿರಿ, ಆಮೇಲೆ ಗೂಡುಗಳು ಕಾಣುವಷ್ಟು ಹತ್ತಿರದಿಂದ ಇನ್ನೊಂದು. ಮುರಿದು ತರಬೇಡಿ. ಕಲ್ಲುಹವಳಗಳಿಗೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ, ಹುಲಿಗೆ ಇರುವಂತೆಯೇ.