ವಿಜ್ಞಾನ ಸಂಸ್ಥೆಯೂ ಸಂಶೋಧನ ಪದವಿಗಳೂ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ೧೯೦೯ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. ವಿದ್ಯಾರ್ಥಿಗಳು ಅಲ್ಲಿ ಕೆಲಸಕ್ಕೆ ತೊಡಗಿದ್ದು ೧೯೧೧ರ ಜುಲೈ ತಿಂಗಳಲ್ಲಿ. ಆದರೆ ತನ್ನಲ್ಲಿ ದುಡಿದವನಿಗೆ ತನ್ನದೇ ಅಧಿಕಾರದಿಂದ ಡಾಕ್ಟರ್ ಪದವಿಯನ್ನು ಕೊಡುವ ಹಕ್ಕು ಅದಕ್ಕೆ ದೊರೆತದ್ದು ೧೯೫೮ರಲ್ಲಿ. ನಡುವಣ ನಲವತ್ತೇಳು ವರ್ಷಗಳಲ್ಲಿ ಸಂಶೋಧನೆ ಒಂದೆಡೆಯೂ ಅದಕ್ಕೆ ಸಲ್ಲತಕ್ಕ ಪದವಿ ಮತ್ತೊಂದೆಡೆಯೂ ಇದ್ದವು. ನಮ್ಮ ಭಾಷಾಧ್ಯಾಪಕರಲ್ಲಿ ಬಹುಮಂದಿ ವಿಶ್ವವಿದ್ಯಾನಿಲಯದೊಳಗೇ ಓದಿ, ಅಲ್ಲಿಯೇ ಪ್ರಬಂಧವನ್ನು ಬರೆದು, ಅಲ್ಲಿಂದಲೇ ಪದವಿಯನ್ನು ಪಡೆದವರಾದುದರಿಂದ, ಇವೆರಡೂ ಹೀಗೆ ಅಗಲಿರಬಹುದೆಂಬುದು ಅವರಿಗೆ ಥಟ್ಟನೆ ಹೊಳೆಯುವ ಮಾತಲ್ಲ. ಆದಕಾರಣ ಆ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿವರಿಸಬೇಕೆಂದಿದ್ದೇವೆ.

ಜಮ್‌ಸೆಟ್‌ಜಿ ಟಾಟಾ ಅವರು ಮೊದಲು ಮನಸ್ಸಿನಲ್ಲಿಟ್ಟುಕೊಂಡಿದ್ದುದು ಸಂಶೋಧನೆಗೇ ಮೀಸಲಾದ ಒಂದು ವಿಶ್ವವಿದ್ಯಾನಿಲಯವನ್ನು. ಅವರ ಪರವಾಗಿ ಬರ್ಜೋರ್‌ಜಿ ಪಾದಷಾ ಅವರು ಯೂರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿಯ ವಿದ್ಯಾಕೇಂದ್ರಗಳನ್ನು ಕಂಡು ಬಂದರು. ಆ ಬಳಿಕ ಸಿದ್ಧವಾದ ಯೋಜನೆಯನ್ನು ೧೮೯೮ರ ಡಿಸೆಂಬರ್ ೩೧ರಂದು, ಆಗತಾನೆ ಮುಂಬಯಿಗೆ ಬಂದಿಳಿದಿದ್ದ ಕರ್ಜನ್ ಪ್ರಭುಗಳ ಮುಂದಿಡಲಾಯಿತು. ಇಂಥ ಉನ್ನತ ವ್ಯಾಸಂಗಕ್ಕೆ ತಕ್ಕ ವಿದ್ಯಾರ್ಥಿಗಳು ಸಿಕ್ಕುವರೇ, ಸಿಕ್ಕಿದರೂ ಮುಂದೆ ಅವರಿಗೆ ಉದ್ಯೋಗವೆಲ್ಲಿ ಎಂಬ ಸಂದೇಹ ಪ್ರಭುಗಳಿಗೆ ಇತ್ತು. ೧೯೦೦ರಲ್ಲಿ ಸಲಹೆಗಾಗಿ ಬಂದ ರಸಾಯನಶಾಸ್ತ್ರಜ್ಞ ವಿಲಿಯಂ ರ‍್ಯಾಮ್ಸೆ ಅವರು ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಯೋಜನೆಯಲ್ಲಿದ್ದ ತತ್ತ್ವಶಾಸ್ತ್ರ, ಶಿಕ್ಷಣ ಮುಂತಾದ ಶಾಖೆಗಳು ಬಿಟ್ಟುಹೋಗಿ ವಿಜ್ಞಾನವೊಂದೇ ಉಳಿಯಿತು. ಟಾಟಾ ಅವರು ೧೯೦೪ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನವು ೧೯೦೭ರಲ್ಲಿ ೩೭೧ ಎಕರೆ ಭೂಮಿಯನ್ನು ದಾನಮಾಡಿತು. ವಿಶ್ವವಿದ್ಯಾನಿಲಯವೆಂದು ಕನಸಿನಲ್ಲಿ ಕಂಡದ್ದು ಕಟ್ಟಡವಾಗಿ ಎದ್ದು ನಿಲ್ಲುವ ಹೊತ್ತಿಗೆ ‘ಇನ್‌ಸ್ಟಿಟ್ಯೂಟ್’ ಆಗಿತ್ತು. ಬೆಂಗಳೂರಿನ ಹಳಬರು ಈಗಲೂ ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವುದುಂಟು.

ಪದವಿ ಕೊಡುವ ಅಧಿಕಾರವಿಲ್ಲದಿರುವುದು ಆಗ ಅಷ್ಟೇನೂ ದೊಡ್ಡ ಕೊರತೆಯಾಗಿ ಕಂಡಿರಲಾರದು. ಪ್ರಬಂಧದ ಮೇಲೆ ಡಾಕ್ಟರ್ ಪದವಿಯನ್ನು ಕೊಡುವುದು ಜರ್ಮನಿಯ ಸಂಪ್ರದಾಯ. ಅಮೆರಿಕದಲ್ಲಿ ಅದು ಯೇಲ್ ವಿಶ್ವವಿದ್ಯಾನಿಲಯದಲ್ಲಿ ೧೮೬೧ರಲ್ಲಿ ಮೊದಲಾಯಿತು. ಇಂಗ್ಲೆಂಡಿನ ಆಕ್ಸ್‌ಫರ್ಡು ಅದನ್ನು ಅಂಗೀಕರಿಸಿದ್ದು ೧೯೧೭ರಲ್ಲಿ. ನಮ್ಮ ವಿಶ್ವವಿದ್ಯಾನಿಲಯಗಳೆಲ್ಲ ಇಂಗ್ಲೆಂಡಿನ ಮಾದರಿಯವು. ಪರೀಕ್ಷೆ ನಡೆಸಿ ಪದವಿ ಕೊಡುವುದೇ ಅವುಗಳ ಮುಖ್ಯ ಕೆಲಸ. ವಿಜ್ಞಾನ ಸಂಸ್ಥೆಯಾದರೋ, ತನ್ನಲ್ಲಿ ಸಂಶೋಧನೆ ನಡೆಸಿ ಪ್ರಬಂಧವನ್ನು ಒಪ್ಪಿಸಿದವರನ್ನು ‘ಅಸೋಸಿಯೇಟ್’ ಎಂದು ಅಂಗೀಕರಿಸುತ್ತಿತ್ತು. ಹೆಸರಿನ ಮುಂದೆ ‘ಎ.ಐ.ಐ.ಎಸ್‌ಸಿ.’ ಎಂಬ ಅಕ್ಷರಗಳಿದ್ದರೆ ಬಲ್ಲವರು ಬೆಲೆ ಕೊಡುತ್ತಿದ್ದರು. ಅರಿಯದವರಿಗೆ ಅದು ಡಿಪ್ಲೊಮವೋ ಸದಸ್ಯತ್ವವೋ ಎಂಬುದೇ ತಿಳಿಯುತ್ತಿರಲಿಲ್ಲ. ಉದ್ಯೋಗ ಕೊಡುವವರು ಬಹುಮಟ್ಟಿಗೆ ಅರಿಯದವರ ಗುಂಪಿನಲ್ಲೇ ಇರುತ್ತಾರಷ್ಟೆ!

ಹೀಗಾಗಿ ಸಂಸ್ಥೆಯ ವಿದ್ಯಾರ್ಥಿಗಳು ಪದವಿಗಾಗಿ ಹೊರಗಿನ ಬಾಗಿಲನ್ನು ತಟ್ಟಬೇಕಾಯಿತು. ಕಮಲಾ ಭಾಗವತ್ (ಮುಂದೆ ಸೊಹೊನಿ) ಅವರಿಗೆ ೧೯೩೩ರಲ್ಲಿ ಹೆಂಗಸೆಂಬ ಕಾರಣದಿಂದ ಮೊದಲು ಪ್ರವೇಶವೇ ದೊರೆಯಲಿಲ್ಲ; ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರು ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಅನಂತರ ಒಪ್ಪಿದರು. ಹಾಲು, ಬೇಳೆಕಾಳು ಇವುಗಳಲ್ಲಿರುವ ಪ್ರೋಟೀನುಗಳ ಮೇಲೆ ಶ್ರೀನಿವಾಸಯ್ಯನವರ ಕೈಕೆಳಗೆ ಅವರು ನಡೆಸಿದ ಕೆಲಸಕ್ಕೆ ಎಂ.ಎಸ್‌ಸಿ. ಪದವಿ ಬಂದದ್ದು ೧೯೩೬ರಲ್ಲಿ, ಮುಂಬಯಿಯಿಂದ. ಜಿ. ಎನ್. ರಾಮಚಂದ್ರನ್ ಅವರ ಡಿ.ಎಸ್‌ಸಿ. ೧೯೪೭ರಲ್ಲಿ ಮದರಾಸಿನಿಂದ ಬಂದಿತು. ವಿಕ್ರಮ್ ಸಾರಾಭಾಯಿ ಅವರು ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿದ್ದು ವಿಶ್ವಕಿರಣಗಳನ್ನು ಕುರಿತು ನಡೆಸಿದ ಸಂಶೋಧನೆಯನ್ನು ಮುಂದುವರಿಸಿ, ೧೯೪೭ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರ್ ಆದರು. ಇವರೆಲ್ಲರಿಗೂ ಹೊರಗಿನ ಬಾಗಿಲು ತೆರೆಯಿತು.

ತೆರೆಯದೆ ಹೋದ ಒಂದು ನಿದರ್ಶನವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಅನ್ನಾ ಮಾಣಿ ಅವರು ತಿರುವಾಂಕೂರಿನವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಮುಗಿಸಿ, ೧೯೪೦ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ವಿಜ್ಞಾನ ಸಂಸ್ಥೆಗೆ ಬಂದು, ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ವಜ್ರ ಮತ್ತು ಮಾಣಿಕ್ಯಗಳ ಮೇಲೆ ಬೆಳಕು ಬಿದ್ದಾಗ ಅವು ತಾವೇ ಹೊರಸೂಸುವ ಮಂದವಾದ ಪ್ರಭೆಯನ್ನು ಪರೀಕ್ಷಿಸುವುದು ಅವರ ಕೆಲಸ. ಹರಳನ್ನು ದ್ರವವಾಯುವಿನ ಶೈತ್ಯದಲ್ಲಿರಿಸಿ, ಆ ಪ್ರಭೆಯ ವರ್ಣಪಟಲವನ್ನು ಛಾಯಾಚಿತ್ರದ ಫಲಕದ ಮೇಲೆ ಹಿಡಿಯಬೇಕು. ಕೆಲವು ವಜ್ರಗಳ ಪ್ರಭೆ ಎಷ್ಟು ಕ್ಷೀಣವೆಂದರೆ, ಒಂದೊಂದು ಫಲಕಕ್ಕೆ ಹದಿನೈದರಿಂದ ಇಪ್ಪತ್ತು ಗಂಟೆಗಳ ಕಾಲ ಬೆಳಕನ್ನು ಉಣಿಸಬೇಕಾಗುತ್ತಿತ್ತು. ರಾತ್ರಿಯೆಲ್ಲ ಪ್ರಯೋಗಶಾಲೆಯಲ್ಲಿಯೇ ಕಳೆಯುವುದೂ ಇತ್ತು. ೧೯೪೨ರಿಂದ ೧೯೪೫ರೊಳಗೆ ಅವರೊಬ್ಬರ ಹೆಸರಿನಲ್ಲಿಯೇ ಐದು ಲೇಖನಗಳು ಪ್ರಕಟವಾದುವು. ೧೯೪೫ರ ಆಗಸ್ಟಿನಲ್ಲಿ ಅವರು ಪಿಎಚ್.ಡಿ. ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಎಂ.ಎಸ್‌ಸಿ. ಆಗಿಲ್ಲವೆಂಬ ಕಾರಣದಿಂದ ವಿಶ್ವವಿದ್ಯಾನಿಲಯವು ಪದವಿಯನ್ನು ನಿರಾಕರಿಸಿತು.

ಇಲ್ಲಿ ಪ್ರಬಂಧದ ಗುಣದೋಷಗಳು ಚರ್ಚೆಗೆ ಬರಲೇ ಇಲ್ಲವೆಂಬುದನ್ನು ವಾಚಕರು ಗಮನಿಸತಕ್ಕದ್ದು. ಆನರ್ಸ್ ಆದವರು ಸಂಶೋಧನೆಗೆ ಅರ್ಹರೆಂದು ಸಂಸ್ಥೆಯು ಒಪ್ಪಿ ಅವರಿಗೆ ವೇತನವನ್ನೂ ಕೊಟ್ಟಿತು. ಅರ್ಹರಲ್ಲವೆಂದು ವಿಶ್ವವಿದ್ಯಾನಿಲಯವು ಐದು ವರ್ಷಗಳಾದ ಮೇಲೆ ಹೇಳಿತು. ಅಳೆದ ಕೊಳಗ ಒಬ್ಬರದು, ಕೊಟ್ಟ ರಸೀತಿ ಇನ್ನೊಬ್ಬರದು. ಅವರ ಗುರುಗಳಾದ ರಾಮನ್ ಅವರಾದರೂ ಮದರಾಸಿನ ಎಂ.ಎ. ಆಗಿದ್ದವರೇ ಹೊರತು, ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಸಂಪಾದಿಸಿದವರಲ್ಲ. ಅವರಿಗೆ ಬಂದ ಡಾಕ್ಟರೇಟುಗಳೆಲ್ಲ ಗೌರವಾರ್ಥವಾದುವು. ಅನ್ನಾ ಮಾಣಿ ಅವರು ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದಿಂದ ಲಂಡನ್ನಿಗೆ ಹೋಗಿ, ಹವಾಮಾನವನ್ನು ಅಳೆಯುವ ಉಪಕರಣಗಳ ಶಾಸ್ತ್ರವನ್ನು ಕಲಿತು, ೧೯೪೮ರಲ್ಲಿ ಹಿಂದಿರುಗಿ ಹವಾಮಾನ ಇಲಾಖೆಯನ್ನು ಸೇರಿದರು. ಆ ಶಾಖೆಯಲ್ಲಿ ಅವರು ಪಡೆದ ಕೀರ್ತಿ ಸುವಿದಿತ. ಅವರು ೨೦೦೧ರಲ್ಲಿ ನಿಧನರಾದರು.

ಸ್ವಾತಂತ್ರ್ಯಾನಂತರ ಈ ಸ್ಥಿತಿ ಬದಲಾಯಿತು. ವಿಶ್ವವಿದ್ಯಾನಿಲಯವೆಂಬ ಹೆಸರಿಲ್ಲದಿದ್ದರೂ ಉನ್ನತ ವ್ಯಾಸಂಗವನ್ನು ನಡೆಸುವ ಸಂಸ್ಥೆಯನ್ನು ವಿಶ್ವವಿದ್ಯಾನಿಲಯವೆಂದೇ ಪರಿಗಣಿಸಲು ೧೯೫೬ರ ಯು.ಜಿ.ಸಿ. ಶಾಸನವು ಅವಕಾಶ ಕೊಟ್ಟಿತು. ಆ ಮೇರೆಗೆ ೧೯೫೮ರಲ್ಲಿ ವಿಜ್ಞಾನ ಸಂಸ್ಥೆಯು ಪದವಿದಾನದ ಅಧಿಕಾರವನ್ನು ಪಡೆಯಿತು. ನಮ್ಮವರೇ ಆದ ರೊದ್ದಂ ನರಸಿಂಹ ಅವರು ೧೯೫೭ರಲ್ಲಿ ಅಸೋಸಿಯೇಟ್ ಆಗಿ ಹೊರಬಂದರು. ಒಂದೇ ವರ್ಷದ ಅಂತರ! ಅವರ ಡಾಕ್ಟರ್ ಪದವಿ ೧೯೬೧ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಿಂದ ಬಂದಿತು.

ಈಗ ಅಲ್ಲಿ ಸಂಶೋಧನೆಯಿಂದ ಪಡೆಯಬಹುದಾದ ಪದವಿಗಳಲ್ಲಿ ಪಿಎಚ್.ಡಿ. ಮುಖ್ಯವಾದುದು, ಎಂಜಿನಿಯರಿಂಗ್ ಶಾಖೆಗಳಲ್ಲಿ ಪ್ರಬಂಧವೇ ಪ್ರಧಾನವಾದ ಎಂ.ಟೆಕ್. ಒಂದುಂಟು. ಬಿ.ಎಸ್‌ಸಿ. ಆದವರನ್ನು ತೆಗೆದುಕೊಂಡು ಡಾಕ್ಟರ್ ಪದವಿಯವರೆಗೂ ಕೊಂಡೊಯ್ಯುವ ಸಂಯುಕ್ತ ವ್ಯಾಸಂಗವೂ ಇದೆ, ಬಿ.ಇ. ಆದವರು ನೇರವಾಗಿ ಪಿಎಚ್.ಡಿ.ಗೆ ಸೇರಬಹುದು. ಅಭ್ಯರ್ಥಿಯು ಮೊದಲು ಕೆಲವು ಪಾಠಕ್ರಮಗಳನ್ನು ಓದಿ ಮುಗಿಸಬೇಕು. ಬಳಿಕ ವಿಷಯದ ಸಮಗ್ರಜ್ಞಾನವನ್ನು ಒರೆಗೆ ಹಚ್ಚುವ ಪರೀಕ್ಷೆ. ಅನಂತರ ವರ್ಷಗಟ್ಟಲೆ ಕೆಲಸ. ಪ್ರಬಂಧವನ್ನು ಒಪ್ಪಿಸುವುದಕ್ಕೆ ಮುಂಚೆ ವಿಭಾಗದವರೆಲ್ಲರ ಮುಂದೆ ಉಪನ್ಯಾಸ. ಹೊರಗಿನ ಪರೀಕ್ಷಕರ ವರದಿ ಬಂದ ಮೇಲೆ ಬಹಿರಂಗವಾದ ವಾಕ್ಪರೀಕ್ಷೆ. ಸಾಹಿತ್ಯದ ಪ್ರಬಂಧವು ಬಹುಮಟ್ಟಿಗೆ ಒಬ್ಬರೇ ಕುಳಿತು ಬರೆದ ಒಂದು ಗ್ರಂಥ. ವಿಜ್ಞಾನದ್ದಾದರೆ, ಅದರ ಅಧ್ಯಾಯಗಳು ಅನೇಕವೇಳೆ ಗುರುವಿನ ಮತ್ತು ಸಹಪಾಠಿಗಳ ಹೆಸರಿನೊಡನೆ ಮೊದಲೇ ಪ್ರಕಟವಾಗಿರುತ್ತವೆ. ಅದರಲ್ಲಿ ಅಭ್ಯರ್ಥಿಯದು ಎಷ್ಟು ಎಂಬುದನ್ನು ಕಂಡುಕೊಳ್ಳುವುದಕ್ಕೆ ವಾಕ್ಪರೀಕ್ಷೆಯೇ ದಾರಿ. ನಮ್ಮ ಕಲಾವಿಭಾಗಗಳಲ್ಲಿ ಎಷ್ಟೋ ವೇಳೆ ಮುಗಿದುಹೋದ ಕಾರ್ಯದ ಮಂಗಳಾರತಿಯಂತೆ ನಡೆಯುವ ಈ ಪರೀಕ್ಷೆಗೆ ಅಲ್ಲಿ ನಿಜವಾದ ಕೆಲಸವುಂಟು.

ಸಂಶೋಧನಾಲಯಗಳೆಲ್ಲಕ್ಕೂ ಈ ಅಧಿಕಾರ ಒಮ್ಮೆಗೇ ಬರಲಿಲ್ಲ. ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ ಕೆಲಸಮಾಡಿದವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹೆಸರು ನೋಂದಾಯಿಸಿ ಪದವಿ ಪಡೆಯುವುದು ಬಹುಕಾಲ ನಡೆದುಬಂದ ರೂಢಿ. ಆ ಸಂಶೋಧನಾಲಯವು ಸೇರಿರುವ ಕೇಂದ್ರ ಪರಿಷತ್ತಿನ ಪ್ರಯೋಗಶಾಲೆಗಳಿಗಾಗಿ ಪಾರ್ಲಿಮೆಂಟು ೨೦೧೧ರ ಶಾಸನದಿಂದ ಅಕಾಡೆಮಿಯೊಂದನ್ನು ನಿರ್ಮಿಸಿ ಪದವಿದಾನದ ಹಕ್ಕನ್ನು ಅದಕ್ಕೆ ಕೊಟ್ಟಿತು. ರಾಮನ್ ಅವರೇ ಕಟ್ಟಿದ ಸಂಶೋಧನ ಸಂಸ್ಥೆಯ ವಿದ್ಯಾರ್ಥಿಗಳು ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದ ಮೂಲಕ ಪಿಎಚ್.ಡಿ. ಪಡೆದಿದ್ದಾರೆ. ಅನ್ನಾ ಮಾಣಿ ಅವರ ಪ್ರಬಂಧವು ಉಳಿದುಬಂದಿರುವುದು ಆ ಸಂಸ್ಥೆಯಲ್ಲಿಯೇ.