ಎರೆಯ ಮಣ್ಣಿನ ಪರೀಕ್ಷೆ ಮತ್ತು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸುರಕ್ಷಿತ ಬಳಕೆ

ನರಗುಂದ ಪ್ರಾಂತದ ಎರೆಯ ಭೂಮಿಯು ಬೇಸಿಗೆಯಲ್ಲಿ ಬಿರಿದು, ಮಳೆ ಬಿದ್ದೊಡನೆ ಉಬ್ಬಿ ಅಂಟಾಗುವುದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಜೋಳ, ಹತ್ತಿ, ಕಡಲೆಗಳನ್ನು ಬೆಳೆಯುತ್ತಿದ್ದ ಈ ನೆಲಕ್ಕೆ ಮಲಪ್ರಭೆಯ ಕಾಲುವೆಯ ನೀರು ಬಂದ ಬಳಿಕ, ನೀರು ಬಸಿಯದ ಕಡೆಗಳಲ್ಲಿ ಸವಳು ಜವಳುಗಳ ಬಾಧೆಯೂ ತಲೆದೋರಿತು. ಇದರ ಕಾರಣವನ್ನು ಅರಿಯಬೇಕಾದರೆ ಮಣ್ಣಿನ ಜೇಡಿಕಣವನ್ನೇ ನೋಡಬೇಕು. ಎರೆಯ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಖನಿಜವು ಪ್ರಧಾನವಾದುದು. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುವುದು. ಸೋಡಿಯಂ ಹೆಚ್ಚಿದರೆ ಕಣಗಳು ಚದರಿ, ನೀರಿಳಿಯುವ ರಂಧ್ರಗಳು ಮುಚ್ಚಿಹೋಗುವುವು.

ಆ ಪದರವೊಂದರ ದಪ್ಪವು ಒಂದು ಮಿಲಿಮೀಟರಿನ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು ಮಾತ್ರ. ಬೆಳಕಿನ ಸೂಕ್ಷ್ಮದರ್ಶಕವು ಒಂದು ಮಿಲಿಮೀಟರಿನ 5000ದಲ್ಲೊಂದು ಪಾಲಿಗಿಂತ ಕಿರಿದಾದುದನ್ನು ಬೇರ್ಪಡಿಸಿ ತೋರಿಸಲಾರದು. 1931ರಲ್ಲಿ ಬರ್ಲಿನಿನಲ್ಲಿ ನೋಲ್ ಮತ್ತು ರುಸ್ಕಾ ಎಂಬವರು ಬೆಳಕಿಗೆ ಬದಲಾಗಿ ಇಲೆಕ್ಟ್ರಾನುಗಳನ್ನು ಬಳಸಿ ಹೊಸ ಉಪಕರಣದ ದಾರಿಯನ್ನು ತೆರೆದರು. ಇದಕ್ಕಾಗಿ ರುಸ್ಕಾರಿಗೆ 1986ರಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು. ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲಾದೆಡೆಗಳಲ್ಲಿ ಇಂತಹ ಯಂತ್ರಗಳಿವೆ.

ಇಲೆಕ್ಟ್ರಾನುಗಳು ಗಾಳಿಯ ಅಣುಗಳಿಗೆ ತಾಗಿ ಚದರುವುದರಿಂದ ಯಂತ್ರದ ಸ್ತಂಭವನ್ನು ನಿರ್ವಾತವಾಗಿ ಇಡಬೇಕು. ಅವುಗಳಿಗೆ ವೇಗವನ್ನು ಕೊಡಲು ಪ್ರಬಲವಾದ ವಿದ್ಯುದೊತ್ತಡ ಬೇಕು. ಮೇಲ್ಮೈಯನ್ನು ತೋರಿಸುವ ಯಂತ್ರದಲ್ಲಿ ಇದು ಸಾಮಾನ್ಯವಾಗಿ 30,000 ವೋಲ್ಟಿನವರೆಗೂ, ವಸ್ತುವಿನ ಮೂಲಕ ಹಾಯ್ದು ತೋರಿಸುವ ಯಂತ್ರದಲ್ಲಿ 1,00,000ದಿಂದ 3,00,000 ವೋಲ್ಟಿನವರೆಗೂ ಇರುವುದು. ಅಪಾಯಗಳೂ ಇಲ್ಲಿಂದಲೇ ಹುಟ್ಟುವುವು.

ಮೊದಲನೆಯದು ವಿದ್ಯುತ್ತಿನ ಆಘಾತ. ಸಂಪರ್ಕವನ್ನು ಕಡಿದ ಮೇಲೆಯೂ ಯಂತ್ರದ ಕೆಲವು ಭಾಗಗಳಲ್ಲಿ ವಿದ್ಯುತ್ತು ಉಳಿದಿರಬಹುದು. ಆದುದರಿಂದ ಅದರ ಮುಚ್ಚಳಗಳನ್ನು ತರಬೇತಿ ಪಡೆದ ದುರಸ್ತಿಗಾರನ ಹೊರತು ಮತ್ತಾರೂ ತೆರೆಯಕೂಡದು. ಎರಡನೆಯದು ಕ್ಷಕಿರಣ. ವೇಗವಾಗಿ ಬರುವ ಇಲೆಕ್ಟ್ರಾನು ಲೋಹಕ್ಕೆ ತಾಗಿದಲ್ಲೆಲ್ಲ ಈ ಕಿರಣಗಳು ಹುಟ್ಟುವುವು. ಸ್ತಂಭದ ಲೋಹವೂ ಸೀಸದ ಹೊದಿಕೆಯೂ ಅವನ್ನು ತಡೆಯುವುವು. ಯಂತ್ರವನ್ನು ಸ್ಥಾಪಿಸಿದಾಗಲೂ ದುರಸ್ತಿಯಾದಾಗಲೂ ವಿಕಿರಣಮಾಪಕದಿಂದ ಸುತ್ತಲೂ ಪರೀಕ್ಷಿಸಬೇಕು. ಬಾಗಿಲು ತೆರೆದರೆ ವಿದ್ಯುತ್ತು ತಾನಾಗಿ ನಿಲ್ಲುವಂತೆ ಮಾಡಿರುವ ತಡೆಗಳನ್ನು, ಕೆಲಸವು ಬೇಗ ಮುಗಿಯಲೆಂದು ತಪ್ಪಿಸುವುದು ಪ್ರಾಣಕ್ಕೆ ಎರವಾದೀತು.

ಮೂರನೆಯದು ಶೀತ. ಕೆಲವು ಯಂತ್ರಗಳಲ್ಲಿ ಬಳಸುವ ದ್ರವ ಸಾರಜನಕದ ಉಷ್ಣತೆಯು ಶೂನ್ಯಕ್ಕಿಂತ 196 ಸೆಂಟಿಗ್ರೇಡ್ ಕೆಳಗಿರುವುದು. ತಗುಲಿದರೆ ಚರ್ಮವು ಬೆಂದಂತಾಗುವುದು. ಒಂದು ಲೀಟರ್ ದ್ರವವು ಆವಿಯಾಗಿ ಸುಮಾರು 700 ಲೀಟರ್ ಅನಿಲವಾಗುವುದರಿಂದ, ಬಿಗಿಯಾಗಿ ಮುಚ್ಚಿದ ಪಾತ್ರೆಯು ಸಿಡಿಯುವುದು. ಕಿರಿದಾದ ಕೋಣೆಯಲ್ಲಿ ಆಮ್ಲಜನಕವು ಕುಗ್ಗಿ, ವಾಸನೆಯ ಸೂಚನೆಯೂ ಇಲ್ಲದೆ ಮನುಷ್ಯನು ಮೂರ್ಛೆಹೋಗುವನು. ಕಣ್ಣಿಗೆ ರಕ್ಷೆ, ಕೈಗೆ ಸಡಿಲವಾದ ಒಣ ಚೀಲ, ಕೋಣೆಗೆ ಗಾಳಿಯ ಸಂಚಾರ ಇವು ಅವಶ್ಯ. ಆ ಪಾತ್ರೆಯೊಡನೆ ಲಿಫ್ಟಿನಲ್ಲಿ ಯಾರೂ ಪ್ರಯಾಣಮಾಡಲಾಗದು.

ಎರೆಯ ಮಣ್ಣಿನ ವಿಷಯದಲ್ಲಿ ಬೇರೆ ಎಚ್ಚರಿಕೆಯೂ ಬೇಕು. ಒಣಗಿದಂತೆ ತೋರುವ ಮಣ್ಣಿನಲ್ಲಿಯೂ ನೀರಿರುವುದು. ಅದು ನಿರ್ವಾತದಲ್ಲಿ ಆವಿಯಾಗಿ ಯಂತ್ರವನ್ನು ಮಲಿನಗೊಳಿಸುವುದು. ಆದುದರಿಂದ ಮಾದರಿಯನ್ನು ಚೆನ್ನಾಗಿ ಒಣಗಿಸಿ, ಲೋಹದ ಪುಟ್ಟ ಪೀಠದ ಮೇಲೆ ತೆಳುವಾಗಿ ಅಂಟಿಸಿ, ಸಡಿಲವಾದ ಪುಡಿಯನ್ನು ಗಾಳಿಯಿಂದ ಊದಿ ತೆಗೆಯತಕ್ಕದ್ದು. ಮಣ್ಣು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದ ಕಾರಣ ಚಿನ್ನ ಅಥವಾ ಇಂಗಾಲದ ತೆಳು ಲೇಪವನ್ನೂ ಕೊಡುವರು. ಪುಡಿಮಾಡುವಾಗ ಸಿಲಿಕಾ ಧೂಳು ಶ್ವಾಸಕೋಶವನ್ನು ಸೇರದಂತೆ ಮುಖವಾಡವನ್ನು ಧರಿಸಬೇಕು.

ಆದರೆ ಒಣಗಿಸಿದೊಡನೆ ಪದರಗಳು ಕುಗ್ಗುವುದರಿಂದ, ಹೀಗೆ ಕಾಣುವುದು ಹೊಲದಲ್ಲಿ ನೆನೆದ ಮಣ್ಣಿನ ರೂಪವಲ್ಲ. ಆ ರೂಪವೇ ಬೇಕಾದರೆ ಮಾದರಿಯನ್ನು ಥಟ್ಟನೆ ಹೆಪ್ಪುಗಟ್ಟಿಸಿ, ಶೀತಪೀಠದ ಮೇಲೆಯೇ ನೋಡಬೇಕು. ಈ ಭೇದವನ್ನು ಮರೆತ ಚಿತ್ರವು ಎಷ್ಟು ಸ್ಪಷ್ಟವಾಗಿದ್ದರೂ ರೈತನಿಗೆ ತಪ್ಪು ಸಲಹೆಯನ್ನೇ ಕೊಡುವುದು.

ಕೆಲಸ ಮುಗಿದ ಬಳಿಕ ಮೊದಲು ಕಿರಣವನ್ನು ನಿಲ್ಲಿಸಿ, ಅನಂತರ ಗಾಳಿಯನ್ನು ಒಳಬಿಟ್ಟು, ಆಮೇಲೆಯೇ ಬಾಗಿಲನ್ನು ತೆರೆಯಬೇಕು. ನಡೆದುದೆಲ್ಲವನ್ನೂ ದಿನಚರಿಯಲ್ಲಿ ಬರೆದಿಡಬೇಕು. ಪ್ರಯೋಗಶಾಲೆಯಲ್ಲಿ ಒಬ್ಬನೇ ರಾತ್ರಿ ಕುಳಿತು ಈ ಕೆಲಸಕ್ಕೆ ತೊಡಗುವುದು ಯುಕ್ತವಲ್ಲ. ಯಂತ್ರದ ನಿಯಮವನ್ನು ಪಾಲಿಸುವವನು ತನ್ನ ದೇಹವನ್ನು ಕಾಪಾಡಿಕೊಳ್ಳುವನು. ಮಾದರಿಯ ನಿಯಮವನ್ನು ಪಾಲಿಸುವವನು ಸತ್ಯವನ್ನು ಕಾಪಾಡುವನು. ನೆಲದ ರೋಗವನ್ನು ಅರಿಯಹೊರಟ ಶೋಧಕನಿಗೆ ಇವೆರಡೂ ಸಮಾನವಾಗಿ ಬೇಕಾದುವು.