ಇಪ್ಪತ್ತೈದು ಮತ್ತು ಪಂಚವೀಸ: ಜತ್ತದ ಕನ್ನಡ ತರಗತಿಯಲ್ಲಿ ನವೋಪಕ್ರಮದ ಅರ್ಥ

ಮಹಾರಾಷ್ಟ್ರದ ಶಿಕ್ಷಣ ಇಲಾಖೆಯ ಪರಿಭಾಷೆಯಲ್ಲಿ ‘ನವೋಪಕ್ರಮ’ ಎಂಬುದು ಹೆಚ್ಚು ಚಲಾವಣೆಯಲ್ಲಿರುವ ಪದ. ಈ ಹೆಸರಿನಲ್ಲಿ ಶಿಕ್ಷಕರಿಗೆ ರಾಜ್ಯಮಟ್ಟದ ಸ್ಪರ್ಧೆಗಳೂ ನಡೆಯುತ್ತವೆ. ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಪ್ರಾಥಮಿಕ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರು ಪಠ್ಯಪುಸ್ತಕಗಳಿಗೆ ಕ್ಯೂಆರ್ ಕೋಡ್ ಅಳವಡಿಸಿದ ಪ್ರಯೋಗಕ್ಕಾಗಿ ಹೆಸರಾದವರು; 2020ರಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ದೊರೆಯಿತು. ಇಂತಹ ಸಾಧನೆಗಳು ಕಣ್ಣಮುಂದಿರುವಾಗ ನವೋಪಕ್ರಮವೆಂದರೆ ಹೊಸ ಉಪಕರಣ ಎಂಬ ಗ್ರಹಿಕೆ ಬಲಗೊಳ್ಳುವುದು ಸಹಜ. ಆದರೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳ ಸಂದರ್ಭದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥ ಸಾಧ್ಯ.

ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಈ ತಾಲೂಕಿನ ಉಮದಿ, ಸಂಖ, ಗುಡ್ಡಾಪುರಗಳಂತಹ ಊರುಗಳಲ್ಲಿ ಕನ್ನಡವು ಮನೆಮಾತಾಗಿದೆ. ಆಡಳಿತದ ಭಾಷೆ ಮರಾಠಿ. ಪುಣೆಯ ‘ಬಾಲಭಾರತಿ’ ಸಂಸ್ಥೆಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. 2020ರ ಕಾಯಿದೆಯ ಪ್ರಕಾರ ಎಲ್ಲ ಮಾಧ್ಯಮಗಳ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ ವಿಷಯ. ಹೀಗಾಗಿ ಮಗು ಮನೆಯ ಕನ್ನಡ, ಪುಸ್ತಕದ ಶಿಷ್ಟ ಕನ್ನಡ ಮತ್ತು ಮರಾಠಿ ಎಂಬ ಮೂರು ನುಡಿಗಳ ನಡುವೆ ಕಲಿಯಬೇಕಾಗುತ್ತದೆ.

ಇದನ್ನು ಸಾಮಾನ್ಯವಾಗಿ ಕಲಿಕೆಯ ಹೊರೆಯೆಂದೇ ಪರಿಗಣಿಸಲಾಗುತ್ತದೆ. ಸಂಖ್ಯಾವಾಚಕಗಳ ಉದಾಹರಣೆಯು ಈ ಗ್ರಹಿಕೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ. ಕನ್ನಡದ ‘ಇಪ್ಪತ್ತೈದು’ ಎಂಬಲ್ಲಿ ಹತ್ತರ ಸ್ಥಾನ ಮೊದಲು, ಬಿಡಿಯ ಸ್ಥಾನ ಅನಂತರ. ಅಂಕಿಯಲ್ಲಿ 25 ಎಂದು ಬರೆಯುವ ಕ್ರಮವೂ ಅದೇ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ಅನಂತರ. 29ಕ್ಕೆ ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಕೇಳಿದ ಕ್ರಮದಲ್ಲಿಯೇ ಬರೆಯಹೊರಟ ಮಗು 25ರ ಬದಲು 52 ಎಂದು ಬರೆಯುವ ಸಂಭವವಿದೆ. ಬಿಡಿಯನ್ನು ಮೊದಲು ಹೇಳುವ ಜರ್ಮನ್ ಭಾಷೆಯ ಮಕ್ಕಳಲ್ಲಿಯೂ ಇಂತಹ ಅದಲುಬದಲು ಅಧ್ಯಯನಗಳಲ್ಲಿ ದಾಖಲಾಗಿದೆ.

ಈ ತೊಡಕನ್ನು ಗಮನಿಸಿಯೇ ಬಾಲಭಾರತಿಯು 2019ರಲ್ಲಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ರೂಢಿಯ ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂಬ ಬಗೆಯ ಪದಗಳನ್ನು ಸೇರಿಸಿತು. ಗಣಿತ ವಿಷಯ ಸಮಿತಿಯ ನೇತೃತ್ವ ಗಣಿತಜ್ಞೆ ಮಂಗಲಾ ನಾರಳೀಕರ ಅವರದಾಗಿತ್ತು. ಮರಾಠಿಯ ಸೊಗಸು ಕೆಡುತ್ತದೆಯೆಂಬ ಆಕ್ಷೇಪವು ವಿವಾದವಾಗಿ ಬೆಳೆಯಿತು. ಆ ವಿವಾದದ ಸರಿತಪ್ಪುಗಳೇನೇ ಇರಲಿ, ಮರಾಠಿಯಲ್ಲಿ ನವೋಪಕ್ರಮವಾಗಿ ಬಂದ ಪದಕ್ರಮವು ಜತ್ತದ ಕನ್ನಡ ಮಗುವಿಗೆ ತಾಯ್ನುಡಿಯಲ್ಲಿಯೇ ದೊರೆತಿದೆ.

ದೊರೆತದ್ದನ್ನು ಕಲಿಕೆಯಾಗಿಸುವುದು ಶಿಕ್ಷಕರ ಕೆಲಸ. ಹತ್ತು ಹತ್ತು ಕಡ್ಡಿಗಳ ಎರಡು ಕಟ್ಟು, ಐದು ಬಿಡಿ ಕಡ್ಡಿ. ಮೊದಲು ಕನ್ನಡದಲ್ಲಿ ಎಣಿಸಿ ಬರೆಯುವುದು. ಅನಂತರ ಅದೇ ರಾಶಿಗೆ ಮರಾಠಿಯ ಹೆಸರನ್ನು ಹೇಳಿಸಿ, ಕ್ರಮ ಎಲ್ಲಿ ತಿರುಗಿತೆಂಬುದನ್ನು ಮಕ್ಕಳೇ ಗುರುತಿಸುವಂತೆ ಮಾಡುವುದು. ಈ ಒಂದು ಚಟುವಟಿಕೆಯಲ್ಲಿ ಸ್ಥಾನಬೆಲೆಯೂ ಮರಾಠಿಯೂ ಕೂಡಿಯೇ ಕಲಿತಂತಾಗುತ್ತದೆ. ಇದಕ್ಕೆ ವಿದ್ಯುತ್ತಾಗಲಿ ಅಂತರ್ಜಾಲವಾಗಲಿ ಬೇಕಿಲ್ಲ. ಎರಡೂ ಭಾಷೆಗಳನ್ನು ಬಲ್ಲ, ಮಗುವಿನ ತಪ್ಪಿನ ಹಿಂದಿರುವ ತರ್ಕವನ್ನು ಓದಬಲ್ಲ ಶಿಕ್ಷಕರು ಬೇಕು.

ಸಮಸ್ಯೆಯ ತಿರುಳು ಇಲ್ಲಿದೆ. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಕ್ರಮವು 2024ರಲ್ಲಿ ವಿರೋಧಕ್ಕೆ ಗುರಿಯಾಯಿತು. ಕನ್ನಡ ಬಾರದ ಶಿಕ್ಷಕರು ಎಷ್ಟೇ ಸಮರ್ಥರಾಗಿದ್ದರೂ ‘ಇಪ್ಪತ್ತೈದು’ ಎಂಬ ಪದದೊಳಗಿನ ಗಣಿತ ಅವರಿಗೆ ಕೇಳಿಸದು. ಭಾಷಿಕ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಬೇಕೆಂದು ಹೇಳುವ ಸಂವಿಧಾನದ 350ಎ ವಿಧಿಯ ಶೈಕ್ಷಣಿಕ ಮಹತ್ವವು ಇಂತಹ ಸಣ್ಣ ವಿವರಗಳಲ್ಲಿಯೇ ಗೋಚರಿಸುತ್ತದೆ.

ಗಡಿಭಾಗದ ಶಿಕ್ಷಕರಿಗೆ ಆಶಾವಾದಿಗಳಾಗಿರಿ ಎಂಬ ಉಪದೇಶ ಸುಲಭ. ಹುದ್ದೆಯ ಕೊರತೆಯನ್ನು ಮನೋಬಲದಿಂದ ತುಂಬಿಕೊಳ್ಳಿ ಎಂಬ ಧ್ವನಿ ಅದರಲ್ಲಿ ಸೇರಿಕೊಂಡರೆ ಅದು ಅನ್ಯಾಯವೂ ಆಗುತ್ತದೆ. ಆಶೆಗೆ ಆಧಾರ ಬೇಕು. ಎದುರಿಗೆ ಕುಳಿತ ಮಗು ಎರಡು ಎಣಿಕೆಗಳನ್ನು ಬಲ್ಲದು ಎಂಬ ಅರಿವು ಅಂತಹ ಒಂದು ಆಧಾರ. ಅದನ್ನು ತರಗತಿಯಲ್ಲಿ ಬಳಸಿಕೊಳ್ಳುವುದು ಶಿಕ್ಷಕರ ನವೋಪಕ್ರಮವಾದರೆ, ಅಂತಹ ಶಿಕ್ಷಕರನ್ನು ನೇಮಿಸುವುದು ಆಡಳಿತದ ಹೊಣೆ.